ಮಿಲಿಸಾವನ ಸಾಣೆಯಂತ್ರ

ದಕ್ಷಿಣ ಸರ್ಬಿಯಾದ ನಮ್ಮೂರಿನ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಅದರ ರಿಪೇರಿ ಶೆಡ್ಡಿನ ಸಾಮಾನನ್ನೆಲ್ಲ ಅಂಗಳಕ್ಕೆ ಎಸೆದಿದ್ದರು. ಗುಜರಿ ಯಂತ್ರಗಳನ್ನು ರಿಪೇರಿ ಮಾಡಿ ಮಾರುವುದೇ ನನ್ನ ಕಸುಬು. ತುಕ್ಕು ಹಿಡಿದ ಸಾಣೆಯಂತ್ರವೊಂದನ್ನು ಕೈಗಾಡಿಗೆ ಎತ್ತುತ್ತಿದ್ದಾಗ ಮುದುಕಿ ವುಕೊಸಾವಾ ಅಡ್ಡ ಬಂದಳು. ತೀರಿಹೋದ ಅವಳ ಗಂಡ ಮಿಲಿಸಾವ್ ಅದರ ಮುಂದೆಯೇ ಆಯುಷ್ಯ ಕಳೆದವನು.

"ಅದೊಂದು ನಂಗೆ ಬಿಡಪ್ಪಾ ತಿಹೊಮೀರ್. ಅವರ ಕೈ ಆಡಿದ್ದು."

"ಅಯ್ಯೋ ಅಜ್ಜಿ, ಇದನ್ನ ಕರಗಿಸೋಕೆ ಕೊಟ್ಟಾಯ್ತು. ನನ್ನ ಕೈಲೇನೂ ಇಲ್ಲ," ಎಂದು ಸುಳ್ಳು ಹೇಳಿದೆ. ಅವಳು ನಂಬಿಬಿಟ್ಟಳು. ಮನೆ ಸೇರುವವರೆಗೂ ನನ್ನನ್ನು ಚುಚ್ಚಿದ್ದು ಅದೇ.

ಸಾಣೆಯಂತ್ರದ ಮೋಟಾರು ಬಿಚ್ಚಿ ಬೇರೆ ಇಟ್ಟು, ಚೌಕಕ್ಕೆ ಹೋಗಿ ಕಾಫಿ ಕುಡಿದು ಬಂದರೆ ಮನೆ ಹಿಂದಿನ ನನ್ನ ಶೆಡ್ಡಿನ ತುಂಬ ಕಾದ ಕಬ್ಬಿಣದ ವಾಸನೆ. ಹೊರಗೆ ಹಿಮ ಬೀಳುತ್ತಿತ್ತು, ಸಾಣೆಕಲ್ಲು ಮಾತ್ರ ಬಿಸಿಯಾಗಿತ್ತು. ಅದರ ಕೆಳಗೆ ಖಾಲಿಯಿದ್ದ, ಅಲಗು ತಣಿಸುವ ಡಬ್ಬಿಯಲ್ಲಿ ನೀರು ತುಂಬಿ, ಕಪ್ಪು ಪುಡಿ ತೇಲುತ್ತಿತ್ತು.

"ನೀನೇನಾದ್ರೂ ಮುಟ್ಟಿದ್ಯಾ?" ಎಂದು ಹೆಂಡತಿಯನ್ನು ಕೇಳಿದೆ.

"ನಿನ್ನ ಗುಜರೀನ ನಾನ್ಯಾಕೆ ಮುಟ್ಟಲಿ? ಇಷ್ಟೊತ್ತೂ ಸಾಣೆ ಹಿಡೀತಿದ್ದೋನು ನೀನೇ ಅಲ್ವಾ?"

ಯಂತ್ರವನ್ನು ಮತ್ತೆ ಗಾಡಿಗೆ ಹೇರಿಕೊಂಡು ನೇರ ವುಕೊಸಾವಾಳ ಮನೆಗೆ ಹೋದೆ. "ತಪ್ಪಾಯ್ತು ಅಜ್ಜಿ, ಸುಳ್ಳು ಹೇಳ್ದೆ," ಎಂದೆ.

ಅವಳು ಬೈಯಲಿಲ್ಲ. ಒಳಗಿಂದ ಮಾಂಸ ಕೊಯ್ಯುವ ಚಾಕು ತಂದು ಕೈಗಿಟ್ಟಳು. "ಬೆಳಗ್ಗೆ ಇದು ಪೂರ್ತಿ ಮೊಂಡಾಗಿತ್ತು ಕಣಪ್ಪಾ. ಈ ಚಾಕು ಅಡುಗೆಮನೆ ಬಿಟ್ಟು ಆಚೆ ಹೋಗಿಲ್ಲ."

ಅಲಗಿನ ಅರ್ಧ ಭಾಗ ಮಿರಮಿರ ಮಿಂಚುತ್ತಿತ್ತು. ನಾನು ಶೆಡ್ಡಿಗೆ ಬಂದಾಗ ಕೆಲಸ ಅರ್ಧಕ್ಕೇ ನಿಂತಂತೆ, ಉಳಿದರ್ಧ ಇನ್ನೂ ಮೊಂಡಾಗಿಯೇ ಇತ್ತು. ಅವಳ ಮನೆಯಲ್ಲಿ ಸಾಣೆ ಹಿಡಿಯುವಂಥದ್ದು ಏನೂ ಇರಲಿಲ್ಲ. ಚಾಕು ನನ್ನ ಕೈಗೆ ಬಂದಾಗ ಬೆಚ್ಚಗಿತ್ತು.