ಗೋಡೆಗೆ ಮುಖ ಮಾಡಿದ ಟ್ರಂಪೆಟ್

ಗಿರಣಿ ಕಾರ್ಮಿಕರ ಕ್ಲಬ್ಬಿನಲ್ಲಿ ಹೊಸ ಟ್ರಂಪೆಟ್‌ನವನ ಮೊದಲ ಸಂಜೆ ಅದು. ವೇದಿಕೆ ಹತ್ತಿದವನೇ ಕುಣಿಯುವ ಜನಕ್ಕೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಪಕ್ಕದಲ್ಲಿ ಪಿಯಾನೋ ಮುಂದೆ ಕುಳಿತಿದ್ದ ಪುಟ್ಟಿಗೆ ಕಂಡದ್ದು ಅವನ ಒಂದು ಕಿವಿ, ಅರ್ಧ ಕೆನ್ನೆ, ಅಷ್ಟೇ.

"ಗೋಡೆ ಮೇಲೆ ಏನಾದ್ರೂ ಬರೆದಿದೆಯಾ?" ಎಂದು ಕೇಳಿದಳು.

"ಇಲ್ಲ."

"ಮತ್ತೆ?"

"ಹೀಗೆ ನಿಂತ್ರೆ ಚೆನ್ನಾಗಿ ನುಡಿಸ್ತೀನಿ."

ಚೆನ್ನಾಗಿಯೇ ನುಡಿಸಿದ. ಅದೇ ತೊಂದರೆಯಾಯಿತು. ಇಲ್ಲದಿದ್ದರೆ ಪುಟ್ಟಿ ಅವನನ್ನು ಅಂದೇ ಮರೆತುಬಿಡುತ್ತಿದ್ದಳು.

ಈ ಬ್ಯಾಂಡು ಹುಟ್ಟಿದ್ದು ಅವಳ ಅಪ್ಪನ ಅಕಾರ್ಡಿಯನ್ ಮತ್ತು ಚಿಕ್ಕಪ್ಪನ ಒಂದು ಡ್ರಮ್ಮಿನಿಂದ. ಆಗ ಕ್ಲಬ್ಬಿನ ಬೆಂಚುಗಳನ್ನು ಮೂಲೆಗೆ ತಳ್ಳಿದರೆ ಅದೇ ಡಾನ್ಸ್ ಹಾಲ್. ಚಿಕ್ಕಪ್ಪನಿಗೆ ಗೊತ್ತಿದ್ದದ್ದು ಒಂದೇ ತಾಳ, ಹಾಗಾಗಿ ಜನ ಯಾವ ಹಾಡಿಗೂ ಒಂದೇ ರೀತಿ ಕುಣಿಯುತ್ತಿದ್ದರು. ಆಮೇಲೆ ದರ್ಜಿ ಉದ್ದಣ್ಣ ತನಗಿಂತ ಉದ್ದದ ತಂತಿವಾದ್ಯ ಬಾಸ್ ಹೊತ್ತು ಬಂದ. ಮುಚ್ಚಿಹೋದ ಶಾಲೆಯೊಂದರ ಪಿಯಾನೋ ಬಂತು, ಅದರ ಹಿಂದೆಯೇ ಪುಟ್ಟಿಯೂ ಬಂದಳು. ಈಗ ಈ ಟ್ರಂಪೆಟ್. ಬಾಯ್ಲರ್ ರಿಪೇರಿ ಮಾಡುವ ಕಾರ್ಖಾನೆಯವನಾದ್ದರಿಂದ ಅವನಿಗೆ 'ಬಾಯ್ಲರ್' ಎಂದೇ ಹೆಸರು ಬಿತ್ತು. ಅವನು ಬಂದ ಮೇಲೆ ಹಾಲ್ ಸಾಲದೆ ಜನ ಮೆಟ್ಟಿಲ ಮೇಲೂ ಕುಣಿಯತೊಡಗಿದರು.

ಆದರೆ ಗೋಡೆ ಯಾಕೆ?

ಕುತೂಹಲ ಒಮ್ಮೆ ತಲೆಗೆ ಹೊಕ್ಕರೆ ನಿದ್ದೆಗೇಡು. ಪುಟ್ಟಿ ಪರೀಕ್ಷೆ ಶುರುಮಾಡಿದಳು. ಹಾಡಿನ ನಡುವೆ ಬೇಕೆಂದೇ ಒಂದು ಹೊಸ ತಿರುವು ಹಾಕಿದಳು. ಮರುಕ್ಷಣ ಟ್ರಂಪೆಟ್ ಅದೇ ತಿರುವನ್ನು ತಿರುಗಿಸಿ ಕೊಟ್ಟಿತು. ಇವಳು ನಿಂತರೆ ಅವನು ಕಾದ. ಇವಳು ನಿಧಾನಿಸಿದರೆ ಅವನೂ ನಿಧಾನಿಸಿದ.

'ನನ್ನನ್ನು ಇಷ್ಟು ಕೇಳಿಸಿಕೊಳ್ಳುವವರು ಈ ಬ್ಯಾಂಡಿನಲ್ಲಿ ಯಾರೂ ಇಲ್ಲ... ಮತ್ತೆ ಮುಖ ಯಾಕೆ ತಿರುಗಿಸುತ್ತಾನೆ?'

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕಾರ್ಯಕ್ರಮ ಮುಗಿದ ಮೇಲೆ ಮಾತಾಡಿಸಿದರೆ ಒಮ್ಮೆ ನಗುತ್ತಾ ಉತ್ತರಿಸುತ್ತಿದ್ದ, ಇನ್ನೊಮ್ಮೆ ಕೇಳಿಸದವನಂತೆ ನಡೆದುಬಿಡುತ್ತಿದ್ದ.

ಹೀಗಿರುವಾಗ ಊರಿನ ದೊಡ್ಡ ಹೋಟೆಲಿನ ಮ್ಯಾನೇಜರ್ ಕ್ಲಬ್ಬಿಗೆ ಬಂದರು.

"ಮುಂದಿನ ಶನಿವಾರ ನಮ್ಮ ಹಾಲ್‌ನಲ್ಲಿ ನುಡಿಸಿ. ಜನ ಒಪ್ಪಿದ್ರೆ ವರ್ಷಪೂರ್ತಿ ನೀವೇ. ಆದ್ರೆ ಬೆನ್ನು ತೋರ್ಸಿ ನಿಲ್ಲೋರು ನಮಗೆ ಬೇಡ."

ಅಪ್ಪ ಯೋಚನೆಗೆ ಬಿದ್ದರು. ಅಂದು ಪುಟ್ಟಿ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, ಪೆಟ್ಟಿಗೆ ಮುಚ್ಚುತ್ತಿದ್ದ ಅವನ ಪಕ್ಕ ನಿಂತು ಹೇಳಿದಳು, "ನಾಳೆ ಸ್ವಲ್ಪ ಬೇಗ ಬರ್ತೀರಾ? ನಾವಿಬ್ರೇ ಅಭ್ಯಾಸ ಮಾಡೋಣ."

ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟೇಹೋದ.

ಅವಳ ಮುಖಕ್ಕೆ ಹೊಡೆದಂತಾಯಿತು. ಮನೆಗೆ ಬಂದವಳೇ, "ಅಪ್ಪಾ, ಜನರ ಕಡೆ ತಿರುಗಲ್ಲ ಅಂದ್ರೆ ಬೇರೆಯವ್ರನ್ನ ನೋಡಿ," ಎಂದಳು. ಅಪ್ಪ ಆ ಮಾತನ್ನು ಹಾಗೇ ಅವನಿಗೆ ಮುಟ್ಟಿಸಿದರು.

ಹೋಟೆಲಿನಲ್ಲಿ ಅವನು ಜನರತ್ತ ತಿರುಗಿ ನಿಂತ. ಎರಡನೇ ಹಾಡಿಗೇ ಪಿಯಾನೋ ಏರಿಗೆಳೆದರೆ ಟ್ರಂಪೆಟ್ ನೀರಿಗೆಳೆಯಿತು. ಕುಣಿಯುವವರು ಪರಸ್ಪರ ಕಾಲು ತುಳಿದುಕೊಂಡರು, ಯಾರೋ ನಕ್ಕರು. ಬಿಡುವಿನಲ್ಲಿ ಅವನು ಯಾರಿಗೂ ಹೇಳದೆ ಹೋಗಿಬಿಟ್ಟ.

"ಇನ್ನೊಂದು ಶನಿವಾರ ನೋಡ್ತೀನಿ, ಅಷ್ಟೇ," ಎಂದರು ಮ್ಯಾನೇಜರ್.

ಬ್ಯಾಂಡು ಮುಳುಗುವುದರಲ್ಲಿತ್ತು. ಆದರೆ ಪುಟ್ಟಿಯನ್ನು ಕಾಡಿದ್ದು ಬ್ಯಾಂಡಲ್ಲ, ಹೋಗುವಾಗಿನ ಅವನ ಮುಖ. ಸೋಮವಾರ ಊಟದ ಬಿಡುವಿನಲ್ಲಿ ಅವಳು ಕಾರ್ಖಾನೆಗೇ ಹೋದಳು. ಯಂತ್ರಗಳೆಲ್ಲ ನಿಂತಿದ್ದವು. ಅವನು ಬೆಂಚಿನ ಮೇಲೆ ಕುಳಿತು ಊಟ ಮಾಡುತ್ತಿದ್ದ. ಹಿಂದಿನಿಂದ ಬಂದು ಎಡಬದಿಗೆ ನಿಂತಳು.

"ನಂದು ತಪ್ಪಾಯ್ತು. ವಾಪಸ್ ಬನ್ನಿ. ನೀವಿಲ್ದೆ ನುಡಿಸೋಕೆ ನಂಗೆ ಮನಸ್ಸೇ ಬರಲ್ಲ."

ಅವನು ತಲೆಯೆತ್ತಲಿಲ್ಲ. ಪುಟ್ಟಿಯ ಕಣ್ಣು ತುಂಬಿತು.

ಆಚೆ ಕುಳಿತಿದ್ದ ಮೇಸ್ತ್ರಿ ನಕ್ಕರು. "ಆ ಕಿವಿಗೆ ಹೇಳಿದ್ರೆ ಸಂಜೆವರೆಗೂ ಹೇಳ್ತಿರಬೇಕು ಕಣಮ್ಮಾ. ಬಾಯ್ಲರ್ ಒಳಗೆ ಸುತ್ತಿಗೆ ಹೊಡೆದೂ ಹೊಡೆದೂ ಎಡಗಿವಿ ಹೋಗಿದೆ. ಈ ಕಡೆ ಬನ್ನಿ."

ಅವಳು ಸುತ್ತಿ ಬಲಕ್ಕೆ ಬಂದಳು. ಅವನು ಗಾಬರಿಯಿಂದ ಎದ್ದು ನಿಂತ.

"ಯಾಕೆ ಹೇಳಲಿಲ್ಲ?"

"ಒಂದೇ ಕಿವಿ ಇರೋನನ್ನ ಬ್ಯಾಂಡಿಗೆ ಯಾರು ಸೇರಿಸ್ಕೋತಾರೆ?"

"ಗೋಡೆ?"

"ಜನರ ಕಡೆ ನಿಂತ್ರೆ ಪಿಯಾನೋ ನನ್ನ ಎಡಕ್ಕೆ ಬರುತ್ತೆ. ಗೋಡೆಗೆ ತಿರುಗಿದ್ರೆ ಬಲಕ್ಕೆ. ಡ್ರಮ್ಮು, ಬಾಸು ವೇದಿಕೆ ಹಲಗೆ ನಡುಗೋದ್ರಲ್ಲೇ ಕಾಲಿಗೆ ಗೊತ್ತಾಗುತ್ತೆ. ನಿಮ್ಮದು ಹಾಗಲ್ಲ..." ಅವನು ನೆಲ ನೋಡಿದ. "ಇರೋ ಒಂದು ಕಿವೀನ ನಿಮಗೇ ಕೊಟ್ಬಿಟ್ಟಿದ್ದೆ."

ಪುಟ್ಟಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

ಶನಿವಾರ ಸಂಜೆ ಹೋಟೆಲಿನಲ್ಲಿ ಅವಳು ಹಟ ಹಿಡಿದು ಪಿಯಾನೋವನ್ನು ವೇದಿಕೆಯ ಆಚೆ ತುದಿಗೆ ಎಳೆಸಿದಳು.

"ಇದೇನು ಮಂಚಾನಾ, ಬೇಕಾದ ಕಡೆ ಎಳೆಯೋಕೆ?" ಎಂದು ಅಪ್ಪ ಗೊಣಗಿದರು. ಚಿಕ್ಕಪ್ಪನೂ ಉದ್ದಣ್ಣನೂ ಬೆವರು ಸುರಿಸಿ ತಳ್ಳಿದರು.

ಬಾಯ್ಲರ್ ಜನರಿಗೆ ಮುಖ ಕೊಟ್ಟು, ಬಲಗಿವಿಯನ್ನು ಪಿಯಾನೋಗೆ ಕೊಟ್ಟು ನುಡಿಸಿದ. ಆ ಸಂಜೆ ಹಾಲ್‌ನಲ್ಲಿ ಯಾರೂ ಕೂರಲಿಲ್ಲ. ಮ್ಯಾನೇಜರ್ ವರ್ಷಕ್ಕೆ ಒಪ್ಪಿದರು, ಎಲೆಕ್ಟ್ರಿಕ್ ಗಿಟಾರ್ ಸೇರಿಸಬೇಕೆಂಬ ಷರತ್ತಿನ ಮೇಲೆ. ಅದು ಬಂದರೆ ತಾನು ಎಲ್ಲರ ಜೊತೆ ಮಾತು ಬಿಡುವುದಾಗಿ ಚಿಕ್ಕಪ್ಪ ಘೋಷಿಸಿದರು. ಅಪ್ಪ ಅವರನ್ನು ಸಮಾಧಾನಪಡಿಸಲು ಹೊರಗೆ ಕರೆದೊಯ್ದರು.

ವೇದಿಕೆಯಲ್ಲಿ ಇಬ್ಬರೇ ಉಳಿದರು.

"ಅವತ್ತು ಎಡಗಡೆ ನಿಂತು ಏನೋ ಹೇಳಿದ್ರಂತೆ. ಕೇಳಿದ್ರೆ ಮೇಸ್ತ್ರಿ ನಗ್ತಾರೆ, ಹೇಳಲ್ಲ," ಎಂದ.

"ನೀವಿಲ್ದೆ ನುಡಿಸೋಕೆ ಮನಸ್ಸು ಬರಲ್ಲ ಅಂದೆ."

"ನುಡಿಸೋಕೆ ಮಾತ್ರಾನಾ?"

ಪುಟ್ಟಿ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಅವನ ಬಲಗಿವಿಯ ಹತ್ತಿರ ಬಾಗಿದಳು.

"ಇಲ್ಲ. ಬದುಕೋಕೂ... ನೀವಂದ್ರೆ ನಂಗೆ ತುಂಬಾ ಇಷ್ಟ. ಕೇಳಿಸ್ತಾ?"

"ಕೇಳಿಸ್ತು," ಎಂದ ಅವನು. "ಆದ್ರೂ ಇನ್ನೊಂದ್ಸಲ ಹೇಳು."