ಮುಚ್ಚಿದ ಗೋಡೆಯ ಮುಜಂಟಿ

"ಗೋಡೆಗೆ ಜ್ವರವಾ?"

ಬೆನ್ನ ಹಿಂದೆ ಗಂಡಸಿನ ದನಿ ಕೇಳಿ ವಿಜೇತಾ ಬೆಚ್ಚಿಬಿದ್ದಳು. ಕಿವಿಯಲ್ಲಿ ಸ್ಟೆತಸ್ಕೋಪ್, ಅದರ ಇನ್ನೊಂದು ತುದಿ ಮೂಡುಬಿದಿರೆ ಬಳಿಯ ಪುತ್ತಿಗೆಯ ಆ ಪುಟ್ಟ ಬಸದಿಯ ಕಲ್ಲುಗೋಡೆಯ ಮೇಲೆ! ನೋಡಿದವರು ನಗದೆ ಇರುತ್ತಾರಾ?

"ಜ್ವರ ಅಲ್ಲ... ಒಳಗೆ ಮುಜಂಟಿ ಜೇನು ಉಂಟು. ಅದರ ಸದ್ದು ಕೇಳ್ತಾ ಇದ್ದೇನೆ. ನಾನು ಬಂಟ್ವಾಳದವಳು, ಕೀಟಗಳ ಬಗ್ಗೆ ಸಂಶೋಧನೆ ಮಾಡ್ತೇನೆ."

"ನಾನು ಶಶಿರಾಜ್. ಇದು ನಮ್ಮ ಮನೆತನದ ಬಸದಿ. ಕೇಳಿ, ಅಡ್ಡಿ ಇಲ್ಲ. ಜೇನು ಮಾತ್ರ ತೆಗೀಬೇಡಿ, ಆಯ್ತಾ? ನಾವು ಜೈನರು ಜೇನು ಮುಟ್ಟುವುದಿಲ್ಲ."

ಅದಕ್ಕೇ ತಾನೇ ಅವಳು ಇಲ್ಲಿಗೆ ಬಂದದ್ದು! ಸೊಳ್ಳೆಗಿಂತ ತುಸು ದಪ್ಪಗಿನ, ಕುಟುಕಲು ಬಾರದ ಈ ಪಾಪದ ಹುಳುಗಳ ಗೂಡುಗಳನ್ನು ಬೇರೆಲ್ಲ ಕಡೆ ಜನ ಬಗೆದು ಜೇನು ತಿಂದಿದ್ದರು. ಮನುಷ್ಯನ ಕೈ ತಾಗದ ಗೂಡು ಹೇಗೆ ಬದುಕುತ್ತದೆ ಎಂದು ತಿಳಿಯಲು ಅವಳಿಗೆ ಸಿಕ್ಕಿದ್ದು ಇದೊಂದೇ ಗೋಡೆ.

ಆಮೇಲಿನದು ನಿಮಗೆ ಗೊತ್ತೇ ಇದೆ ಬಿಡಿ. ವಾರಕ್ಕೊಮ್ಮೆ ಬರುತ್ತಿದ್ದವಳು ದಿನ ಬಿಟ್ಟು ದಿನ ಬರತೊಡಗಿದಳು. ಗೋಡೆಯ ತೂತಿನಿಂದ ಹೊರಚಾಚಿದ್ದ ಮೇಣದ ಕೊಳವೆಯ ಮುಂದೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತು, ಹುಳುಗಳು ಹೊತ್ತು ತರುವ ಪರಾಗದ ಬಣ್ಣ ನೋಡುತ್ತಿದ್ದರು. ನೋಡುತ್ತಿದ್ದದ್ದು ಅದನ್ನೇನಾ ಎಂದು ಮಾತ್ರ ಕೇಳಬೇಡಿ!

ಹಾಳು ಜಗಳ ಬಂದದ್ದು ಒಂದು ಚಮಚ ಜೇನಿಗೆ.

"ಪರೀಕ್ಷೆ ಮಾಡ್ಲಿಕ್ಕೆ ಒಂದೇ ಚಮಚ ಸಾಕು, ಶಶಿ. ಅದೊಂದು ಆದರೆ ನನ್ನ ಕೆಲಸ ಮುಗೀತದೆ."

"ಆಗುವುದಿಲ್ಲ."

"ಗೂಡಿಗೆ ಏನೂ ಆಗದ ಹಾಗೆ ತೆಗೀತೇನೆ ಮಾರಾಯ್ರೆ!"

"ಆಗುವುದಿಲ್ಲ ಅಂದೆನಲ್ಲ, ವಿಜೇತಾ."

ಮುಖ ಊದಿಸಿಕೊಂಡು ಬಂಟ್ವಾಳಕ್ಕೆ ಹೋದವಳು ಅವನ ಒಂದು ಕರೆಯನ್ನೂ ಎತ್ತಲಿಲ್ಲ. ಎತ್ತದೆ ಕೂತು ಅತ್ತವಳೂ ಅವಳೇ. ಕೊನೆಗೆ ತಡೆಯಲಾರದೆ ಮೂಡುಬಿದಿರೆಯ ಬಸ್ಸು ಹತ್ತಿದಳು.

ಬಂದು ನೋಡಿದರೆ...

ಗೋಡೆ ಬೆಳ್ಳಗಾಗಿತ್ತು! ಅವಳಿಲ್ಲದಾಗ ದುರಸ್ತಿಯಾದ ಬಸದಿಗೆ ಮರುದಿನ ಶುದ್ಧಿಯ ಪೂಜೆ. ಮೇಣದ ಕೊಳವೆ ಇಲ್ಲ, ತೂತಿಲ್ಲ, ಉದ್ದಕ್ಕೂ ನುಣ್ಣನೆಯ ಸುಣ್ಣದ ಗಾರೆ. ಹೊರಗೆ ಉಳಿದುಹೋದ ನಾಲ್ಕಾರು ಹುಳುಗಳು ಆ ಗೋಡೆಯ ಮುಂದೆ ಬಾಗಿಲು ಹುಡುಕುತ್ತ ಸುತ್ತುತ್ತಿದ್ದವು.

ಅವಳು ಓಡಿಹೋಗಿ ಗಾರೆಯ ಮೇಲೆ ಅಂಗೈ ಇಟ್ಟಳು.

'ಅಯ್ಯೋ ದೇವರೇ... ಜೀವಂತ ಮುಚ್ಚಿಬಿಟ್ಟರಾ? ನಾನು ಇನ್ನು ಇಲ್ಲಿಗೆ ಬರಬಾರದೂಂತಲಾ?'

ಅಷ್ಟರಲ್ಲಿ, ಪೂಜೆಗೆ ನೆಂಟರನ್ನು ಕರೆಯಲು ನಿನ್ನೆ ಬೆಳ್ತಂಗಡಿಗೆ ಹೋಗಿದ್ದ ಶಶಿರಾಜ್ ಬೈಕ್ ನಿಲ್ಲಿಸಿ ಒಳಬಂದ. ಅವಳನ್ನು ಕಂಡು ಅರಳಿದ ಮುಖ, ಗೋಡೆ ಕಂಡದ್ದೇ ಕಪ್ಪಿಟ್ಟಿತು.

"ಇದು... ಇದು ಹೇಗೆ..."

"ನಾಟಕ ಬೇಡ! ಇರುವೆ ತುಳಿದರೆ ಪಾಪ ಅನ್ನುವವರು ನೀವು! ಗೂಡಿಗೆ ಗೂಡನ್ನೇ ಸಮಾಧಿ ಮಾಡಿದ್ರಲ್ಲ! ನನ್ನ ಮೇಲಿನ ಸಿಟ್ಟನ್ನು ಆ ಬಾಯಿಲ್ಲದ ಹುಳುಗಳ ಮೇಲೆ ತೀರಿಸಿದ್ರಾ?"

ಅವನು ಮೇಸ್ತ್ರಿ ಬಿಟ್ಟುಹೋಗಿದ್ದ ಉಳಿ, ಸುತ್ತಿಗೆ ಎತ್ತಿಕೊಂಡು ಓಡಿ ಬಂದ.

"ಎಲ್ಲಿ ಒಡೀಲಿ? ಬೇಗ ಹೇಳಿ!"

ಹುಳುಗಳು ಮತ್ತೆ ಮತ್ತೆ ಬಂದು ಮುಟ್ಟುತ್ತಿದ್ದ ಜಾಗವನ್ನು ಅವಳು ತೋರಿಸಿದಳು. ಅಲ್ಲಿಗೆ ಸ್ಟೆತಸ್ಕೋಪ್ ಒತ್ತಿದಳು. ಸದ್ದಿಲ್ಲ. ಉಸಿರು ಬಿಗಿಹಿಡಿದು ಮತ್ತೆ ಕೇಳಿದಳು. ಇಲ್ಲ... ಏನೂ ಇಲ್ಲ!

"ಶಶೀ!" ಸೋದರಮಾವ ಮಹಾವೀರರ ಗುಡುಗು. "ನಾಳೆ ಪೂಜೆ, ಇವತ್ತು ಗೋಡೆ ಒಡೀತೀಯಾ? ತಲೆ ಸರಿ ಉಂಟಾ ನಿನಗೆ?"

"ಮಾವ, ಒಳಗೆ ಜೀವ ಉಂಟು!"

ಮನೆಯ ಯಜಮಾನ ಅವರು, ಅವರ ಮಾತು ಮೀರಿದವರಿಲ್ಲ. ಆದರೆ ಆ ಒಂದು ಮಾತು ಕೇಳಿದ್ದೇ ತಡೆಯಲು ಚಾಚಿದ ಕೈ ಹಿಂದೆಗೆದರು. ಬಂದು ಪಕ್ಕದಲ್ಲಿ ನಿಂತರು.

ಗಾರೆ ಚಕ್ಕೆ ಚಕ್ಕೆಯಾಗಿ ಉದುರಿತು. ಅದರ ಹಿಂದಿನಿಂದ ಸೊಳ್ಳೆ ಪರದೆಯ ಒಂದು ತುಂಡು ಹೊರಬಂತು. ನಾಲ್ಕು ಮೂಲೆಗೂ ಜೋಪಾನವಾಗಿ ಮೊಳೆ ಹೊಡೆದಿತ್ತು.

"ಇದು ಯಾರು ಕಟ್ಟಿದ್ದು?" ಎಂದಳು ವಿಜೇತಾ.

"ನಾನೇ," ಎಂದ ಶಶಿರಾಜ್. "ಹಸಿ ಸುಣ್ಣದಲ್ಲಿ ಸಿಕ್ಕಿ ಸಾಯಬಾರದೂಂತ ಮೊನ್ನೆ ಸಂಜೆ ಹೆಚ್ಚಿನವು ಒಳಗೆ ಹೋದ ಮೇಲೆ ಕಟ್ಟಿದೆ. ಇಲ್ಲಿ ಗಾರೆ ಹಾಕಬೇಡಿ, ಕೆಲಸ ಮುಗಿದ ಕೂಡಲೇ ಬಿಚ್ಚಿ ಅಂತ ಮೇಸ್ತ್ರಿಗೆ ಹೇಳಿದ್ದೆ. ಅವನು ಅದರ ಮೇಲೆಯೇ ಎಳೆದುಬಿಟ್ಟ... ನಾನು ಇಲ್ಲಿ ಇರಬೇಕಿತ್ತು. ಉಳಿಸ್ಲಿಕ್ಕೆ ಹೋಗಿ ಕೊಂದೆ, ವಿಜೇತಾ!"

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಂಥ ಮಾತು ಆಡಿಬಿಟ್ಟೆ ನಾನು! ಅದೂ ಇವನಿಗೆ!

ಪರದೆ ಕಿತ್ತರು. ತೂತಿನ ಬಾಯಲ್ಲಿ ಕಪ್ಪಗೆ ಸತ್ತ ಹುಳುಗಳ ರಾಶಿ. ಒಂದೂ ಅಲುಗಲಿಲ್ಲ. ವಿಜೇತಾ ನೆಲದ ಮೇಲೆ ಕುಸಿದು ಕೂತಳು. ಅವನು ಸುಣ್ಣ ತಾಗಿ ಉರಿಯುತ್ತಿದ್ದ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಗೂಡು ಹೋಯಿತು... ಇನ್ನು ಅವನ ಮುಖ ನೋಡುವ ಯೋಗ್ಯತೆಯೂ ತನಗಿಲ್ಲ!

ಎಷ್ಟು ಹೊತ್ತು ಹಾಗೇ ಕೂತಿದ್ದರೋ...

"ಅಲ್ಲಿ ನೋಡು ಮಗಾ," ಮಹಾವೀರರು ಮೆಲ್ಲಗೆ ಅಂದರು.

ರಾಶಿಯ ನಡುವಿನಿಂದ ಮೈಯೆಲ್ಲ ಧೂಳಾದ ಒಂದು ಹುಳು ತೆವಳಿ ಬಂತು. ಸತ್ತ ಸಂಗಾತಿಯೊಂದನ್ನು ಕಚ್ಚಿ ಎಳೆದು ತಂದು ಹೊರಗೆ ಕೆಡವಿತು. ಮತ್ತೆ ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು...

"ಸತ್ತವನ್ನು ಹೊರಗೆ ಹಾಕ್ತಾ ಉಂಟು! ಮನೆ ಗುಡಿಸ್ತಾ ಉಂಟು ಶಶಿ! ಗೂಡು ಬದುಕಿದೆ... ಬದುಕಿದೆ!"

ಮಾವ ಎದುರಿಗಿದ್ದಾರೆ ಎಂಬುದನ್ನೂ ಮರೆತು ಅವನ ಎದೆಗೆ ಮುಖ ಇಟ್ಟು ಬಿಕ್ಕಿದಳು. ಮಹಾವೀರರು ಗಂಟಲು ಸರಿಪಡಿಸಿಕೊಂಡರು.

"ಈ ಜಾಗ ಹೀಗೇ ಇರಲಿ. ನಾಳೆ ಕೇಳಿದವರಿಗೆ ನಾನು ಹೇಳ್ತೇನೆ," ಎಂದು ಮನೆಯತ್ತ ನಡೆದರು.

"ನನ್ನನ್ನು ಕ್ಷಮಿಸ್ತೀರಾ?" ಎಂದಳು ಬಿಕ್ಕುತ್ತಲೇ.

"ನಾನೂ ಸುಳ್ಳು ಹೇಳಿದ್ದೇನೆ," ಎಂದ ಅವನು. "ಜೇನು ಕೊಡದೇ ಇದ್ದದ್ದು ಧರ್ಮಕ್ಕೆ ಮಾತ್ರ ಅಲ್ಲ. ಅದೊಂದು ಆದರೆ ಕೆಲಸ ಮುಗೀತದೆ ಅಂದ್ರಲ್ಲ... ಕೆಲಸ ಮುಗಿದ ಮೇಲೆ ನೀವು ಯಾಕೆ ಬರ್ತೀರಿ, ಹೇಳಿ?"

ಅವಳು ಒದ್ದೆ ಕಣ್ಣೆತ್ತಿ ಅವನನ್ನೇ ನೋಡಿದಳು.

"ಹುಳು ನೋಡ್ಲಿಕ್ಕೆ ಇಷ್ಟು ದೂರ ದಿನ ಬಿಟ್ಟು ದಿನ ಯಾರು ಬರ್ತಾರೆ ಮಾರಾಯ್ರೆ? ನಿಮ್ಮನ್ನು ನೋಡದೆ ನನಗೆ ಇರ್ಲಿಕ್ಕೆ ಆಗುವುದಿಲ್ಲ!"

ಅವನು ಅವಳ ತಲೆಗೂದಲಿನ ಸುಣ್ಣದ ಪುಡಿ ಕೊಡವಿದ. ಆಮೇಲೆ ಭಯದಿಂದಲೇ ಕೇಳಿದ:

"ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ. ಗೊತ್ತುಂಟಲ್ಲ?"

"ಗೊತ್ತುಂಟು. ವಾರಕ್ಕೊಮ್ಮೆ ತವರಿಗೆ ಕಳಿಸ್ತೀರಲ್ಲ?"

"ನಾನೇ ಕರ್ಕೊಂಡು ಹೋಗ್ತೇನೆ," ಎಂದ ಅವಳ ಕಣ್ಣೊರೆಸುತ್ತ. "ನೀವು ಊಟ ಮುಗಿಸುವವರೆಗೆ ಹೊರಗೆ ಜಗಲಿಯಲ್ಲಿ ಕಾಯ್ತೇನೆ."