ಅಟ್ಟದ ಆರು ಗಾಳಿಕಿಂಡಿಗಳು

ಮೂರು ವಾರದಿಂದ ಒಂದು ಹನಿ ಮಳೆಯಿಲ್ಲ. ಆದರೂ ಆ ಚಳಿಯ ಬೆಳಗ್ಗೆ ಮೇಷ್ಟ್ರ ಹಾಸಿಗೆಯ ಮೇಲೆ ಚಾವಣಿಯಿಂದ ನೀರು ತೊಟ್ಟಿಕ್ಕಿತು. ಏಣಿ ಹಾಕಿ ಅಟ್ಟಕ್ಕೆ ಹತ್ತಿದರು. ಕಳೆದ ವರ್ಷವಷ್ಟೇ ಕೂರಿಸಿದ ಹೊಸ ತೊಲೆಗಳ ಮೇಲೆಲ್ಲ ಕಪ್ಪು ಬೂಷ್ಟು.

ಸಂಜೆ ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು.

"ಅಕ್ಕಾ, ಚಾವಣಿ ಕಟ್ಟಿದ ಆ ಬಡಗಿ ಹಸಿ ಮರ ಹಾಕಿ ನಂಗೆ ಟೋಪಿ ಹಾಕಿದ್ದಾನೆ."

"ಹಸಿ ಮರ ಅಂತ ಯಾರು ಹೇಳಿದ್ದು?"

"ಬಣ್ಣದ ಗುತ್ತಿಗೆದಾರ. ಹೋದ ತಿಂಗಳು ಗೋಡೆ ಕೆಲಸ ಮುಗಿಸಿ ಅಟ್ಟಾನೂ ನೋಡ್ದ. ಮರ ಹಸಿಯಿದೆ, ಹೆಂಚಿನ ಮೇಲೆ ನೀರು ತಡೆಯೋ ಲೇಪ ಬಳೀಲೇಬೇಕು ಅಂದ. ಇವತ್ತು ಕರೆದೆ, ನಾಳೆ ಬರ್ತಾನೆ."

"ನೀನಿದನ್ನ ಬೇರೆ ಯಾರಿಗಾದ್ರೂ ಹೇಳಿದ್ಯಾ?"

ಶಾಲೆಯಲ್ಲೆಲ್ಲ ಹೇಳಿಯಾಗಿತ್ತು. ಹೊಸ ಬೆಂಚುಗಳ ಕೆಲಸವನ್ನು ಆ ಬಡಗಿಗೆ ಕೊಡಬೇಕೆಂದಿದ್ದ ಹೆಡ್‌ಮಾಸ್ಟರು ಮಧ್ಯಾಹ್ನವೇ ಬೇಡವೆಂದಿದ್ದರು.

* * *

ಮರುದಿನ ಬೆಳಗ್ಗೆ ಅಕ್ಕ ಬಂದರು. ಬಡಗಿಯನ್ನೂ ಕರೆಸಿದ್ದರು. ಅರವತ್ತು ದಾಟಿದ ಮನುಷ್ಯ. ಏಣಿಯ ಬುಡದಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು.

"ಎರಡು ವರ್ಷ ಒಣಗಿಸಿದ ಮರ ಮೇಡಂ ಅದು. ಇಷ್ಟು ವರ್ಷದಲ್ಲಿ ಯಾರೂ ನನ್ನ ಕೆಲಸಾನ ಬೆಟ್ಟು ಮಾಡಿ ತೋರಿಸಿಲ್ಲ."

"ಚಾವಣಿ ಮುಗಿದ್ಮೇಲೆ ಮತ್ತೆ ಹತ್ತಿದ್ರಾ?"

"ಇಲ್ಲ. ಈ ಕಡೆ ತಲೇನೇ ಹಾಕಿಲ್ಲ."

ಅಕ್ಕ ಟಾರ್ಚ್ ಹಿಡಿದು ಅಟ್ಟದಲ್ಲಿ ಅಂಬೆಗಾಲಿಟ್ಟರು. ಹೆಂಚು ಒಡೆದಿಲ್ಲ. ನೀರು ಇಳಿದ ಜಾಡಿಲ್ಲ. ಆದರೆ ಪ್ರತಿಯೊಂದು ಮೊಳೆಯ ತುದಿಯಲ್ಲೂ ಒಂದೊಂದು ಹನಿ. ಮುಂದೆ ಸರಿದರು. ಬಚ್ಚಲುಮನೆಯ ಹಬೆಯನ್ನು ಹೊರಕ್ಕೆ ಒಯ್ಯುವ ಕೊಳವೆ ನಡುವೆ ಕಳಚಿ ಬಿದ್ದಿತ್ತು. ಮುರಿದಿರಲಿಲ್ಲ, ಸ್ಕ್ರೂಗಳನ್ನು ಬಿಚ್ಚಿದ್ದರು. ಸೂರಿನಂಚಿನಲ್ಲಿ ಜಾಲರಿ ಬಡಿದ ಆರು ಗಾಳಿಕಿಂಡಿಗಳಿಗೂ ಒಳಗಿನಿಂದ ಸ್ಪಂಜು ತುರುಕಿದ್ದರು.

ಅಕ್ಕ ಒಂದು ಸ್ಪಂಜನ್ನು ಎಳೆದು ತೆಗೆದರು. ತಿರುಗಿಸಿ ನೋಡಿದರು. ಕಿಂಡಿಯೊಳಗೂ ಟಾರ್ಚ್ ಬಿಟ್ಟರು. ಹುಬ್ಬೇರಿತು.

* * *

ಹತ್ತು ಗಂಟೆಗೆ ಗುತ್ತಿಗೆದಾರ ನಗುನಗುತ್ತಾ ಬಂದ.

"ಗಾಳಿಕಿಂಡೀಲಿ ಸ್ಪಂಜಿದೆ. ನೀವು ಹತ್ತಿದಾಗ ಇತ್ತಾ?" ಅಕ್ಕ ಕೇಳಿದರು.

"ಇತ್ತು ಮೇಡಂ. ಚಾವಣಿ ಕಟ್ಟೋವಾಗ್ಲೇ ಬಡಗಿ ತುರುಕಿರ್ಬೇಕು, ಹುಳಹುಪ್ಪಟೆ ಬರದ ಹಾಗೆ."

"ಗೋಡೆಗೆ ಬಣ್ಣ ಬ್ರಶ್‌ನಲ್ಲಿ ಹೊಡೆದ್ರಾ?"

"ಛೆ ಛೆ, ಮಷೀನಲ್ಲಿ ಸಿಂಪಡಿಸಿದ್ವಿ."

"ಮೇಲೆ ಬನ್ನಿ."

ಎಲ್ಲರೂ ಹತ್ತಿದರು. ಅಕ್ಕ ಕಿಂಡಿಯ ಒಳಬದಿಗೆ ಬೆಳಕು ಬಿಟ್ಟರು. ಮರದ ಮೇಲೆ ಗೋಡೆಯದೇ ಹಳದಿ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು.

"ಸಿಂಪಡಿಸಿದ ಬಣ್ಣ ಜಾಲರಿ ದಾಟಿ ಒಳಗೆ ಬಂದಿದೆ. ಈ ಸ್ಪಂಜು ಜಾಲರಿಗೇ ಅಂಟಿಕೊಂಡಿತ್ತು. ಆರರಲ್ಲಿ ಒಂದಕ್ಕೂ ಬಣ್ಣ ತಾಗಿಲ್ಲ. ಮೊದಲೇ ಇದ್ದಿದ್ರೆ ಬಣ್ಣ ಸ್ಪಂಜಿಗೆ ಹತ್ತಬೇಕಿತ್ತು, ಹಿಂದಿನ ಮರಕ್ಕಲ್ಲ. ಅಂದ್ರೆ ತುರುಕಿದ್ದು ಬಣ್ಣ ಹೊಡೆದ್ಮೇಲೆ. ಆಮೇಲೆ ನಿನ್ನೆವರೆಗೂ ಇಲ್ಲಿ ಹತ್ತಿದವ್ರು ನೀವೊಬ್ರೇ."

ಗುತ್ತಿಗೆದಾರನ ನಗು ಅಳಿಸಿಹೋಯಿತು. "ಲೇಪದ ಕೆಲಸ ಸಿಗ್ಲಿ ಅಂತ…" ಎಂದು ತೊದಲಿದ.

ಅಕ್ಕ ತಮ್ಮನ ಕಡೆ ತಿರುಗಿದರು. "ಬಿಸಿನೀರಿನ ಹಬೆಯೆಲ್ಲ ಅಟ್ಟಕ್ಕೇ ಬಂತು. ಆಚೆ ಹೋಗೋಕೆ ದಾರಿಯಿಲ್ಲ. ತಣ್ಣಗಿರೋ ಹೆಂಚು, ಮೊಳೆ ತಾಗಿ ನೀರಾಯ್ತು. ಹೊರಗೆ ಎಷ್ಟು ಲೇಪ ಬಳಿದ್ರೇನು, ಒಳಗಿನ ಹಬೆ ನಿಲ್ಲುತ್ತೇನೋ? ಹೋಗು, ದೂರು ಬರಿ."

* * *

ಬಡಗಿ ತೊಲೆಯನ್ನು ಉಳಿಯಿಂದ ಕೆರೆದರು. ಬೂಷ್ಟಿನಡಿಯಲ್ಲಿ ಮರ ಗಟ್ಟಿಯಾಗಿತ್ತು. ಅವರ ಮುಖ ಅರಳಿತು. ಕೊಳವೆ ಜೋಡಿಸಿದರು. ಕಿಂಡಿಗಳ ಸ್ಪಂಜನ್ನೆಲ್ಲ ಕಿತ್ತರು. ತಣ್ಣನೆ ಗಾಳಿ ಅಟ್ಟದ ಉದ್ದಕ್ಕೂ ಹರಿಯಿತು.

ಮೇಷ್ಟ್ರು ಅವರೆದುರಿಗೇ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದರು. ಬೆಂಚಿನ ಕೆಲಸ ಮರಳಿ ಬಂತು.

"ನಂದು ತಪ್ಪಾಯ್ತು," ಅಂದರು ಮೇಷ್ಟ್ರು.

"ಬರೀ ಬಾಯಿಮಾತಲ್ಲಿ ಆಗಲ್ಲ ಮೇಷ್ಟ್ರೇ. ಮರ ಒಣಗ್ಲಿ. ಭಾನುವಾರ ಬೂಷ್ಟು ಉಜ್ಜೋಕೆ ಬರ್ತೀನಿ, ನೀವೂ ಕೈ ಹಾಕಿ."

ಭಾನುವಾರ ಇಬ್ಬರೂ ಬಟ್ಟೆಯಲ್ಲಿ ಮೂಗು ಬಾಯಿ ಮುಚ್ಚಿಕೊಂಡು ಸಂಜೆಯವರೆಗೆ ಉಜ್ಜಿದರು. ಮೇಷ್ಟ್ರು ಇಳಿದಾಗ ತಲೆಯಿಂದ ಕಾಲಿನವರೆಗೆ ಕಪ್ಪೋ ಕಪ್ಪು. ಹೆಂಡತಿ ಬಾಗಿಲಿಗೆ ಕೈ ಅಡ್ಡವಿಟ್ಟರು.

"ಯಾರಪ್ಪಾ ನೀವು? ನಮ್ಮ ಯಜಮಾನ್ರು ಮನೇಲಿಲ್ಲ."

ಬಡಗಿ ಏಣಿಯ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.